ಸೈತಾನನೂ ನನ್ನ ಕಾಫಿಯೂ

ವ್ಯವಹಾರ ಕುದುರಿಸುವುದು ನನ್ನ ಜಾತಕದಲ್ಲೇ ಇಲ್ಲ. ಜಯನಗರದ ಕಾಂಪ್ಲೆಕ್ಸಿನಲ್ಲಿ ಸೊಪ್ಪು ಕೊಳ್ಳುವಾಗಲೂ ಮೊದಲು ದುಡ್ಡು ಕೊಟ್ಟು ಆಮೇಲೆ ಚೌಕಾಸಿಗೆ ಇಳಿಯುವವನು ನಾನು. ಅಂಥವನು ದೇವರ ಜೊತೆ ಒಪ್ಪಂದಕ್ಕೆ ಹೋದರೆ ಏನಾಗಬೇಕೋ ಅದೇ ಆಯಿತು.

ಇದಕ್ಕೆಲ್ಲ ಮೂಲ ಒಂದು ಇಂಗ್ಲಿಷ್ ಸಿನಿಮಾ. ಟಿವಿ ಇನ್ನೂ ನಮ್ಮ ತ್ಯಾಗರಾಜನಗರದ ಬೀದಿಗೆ ಕಾಲಿಟ್ಟಿರದ ಕಾಲ. ನನ್ನ ಹೆಂಡತಿ ಸರಸುವಿನ ಹೃದಯದ ಕವಾಟ ಸವೆದಿದೆ, ಆದಷ್ಟು ಉಲ್ಲಾಸವಾಗಿಡಿ ಎಂದು ಡಾಕ್ಟರು ಹೇಳಿದ್ದರು. ನಗುವಿನ ಚಿತ್ರವೆಂದು ಕೇಳಿ ಅವಳನ್ನು ಕರೆದುಕೊಂಡು ಹೋದೆ. ಬೋಳುತಲೆಯ ದರ್ಜಿಯೊಬ್ಬ ಕೂದಲಿನ ಆಸೆಗೆ ತನ್ನ ಆತ್ಮವನ್ನೇ ಸೈತಾನನಿಗೆ ಬರೆದುಕೊಡುವ ಕಥೆ. ಕೂದಲೇನೋ ಬಂತು, ಆದರೆ ಬೆಳೆಯುವುದು ನಿಲ್ಲಲೇ ಇಲ್ಲ. ಸರಸುವಿಗೆ ಇಂಗ್ಲಿಷ್ ಬಾರದು. ನನಗೆ ಆಫೀಸಿನ ಇಂಗ್ಲಿಷ್ ಬರುತ್ತದೆ, ಸೈತಾನನ ಇಂಗ್ಲಿಷ್ ಬಾರದು. ಆದರೂ ಅವಳ ಕಿವಿಯಲ್ಲಿ ಕನ್ನಡ ಮಾಡಿ ಹೇಳುತ್ತಾ, ಅರ್ಥವಾಗದ ಕಡೆ ಸ್ವಂತ ಡೈಲಾಗು ಸೇರಿಸುತ್ತಾ ಹೋದೆ. ಹಿಂದಿನ ಸಾಲಿನವರೊಬ್ಬರು ಭುಜ ತಟ್ಟಿ, “ಸಾರ್, ಸ್ವಲ್ಪ ಜೋರಾಗಿ ಹೇಳಿ, ನಮಗೂ ಏನೂ ಗೊತ್ತಾಗ್ತಿಲ್ಲ” ಎಂದರು. ಸರಸು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಎಷ್ಟೋ ದಿನದ ಮೇಲೆ ಅವಳು ಹಾಗೆ ನಕ್ಕದ್ದು.

ಬಸ್ ಸ್ಟಾಪಿನಲ್ಲಿ ಅವಳ ವಿಮರ್ಶೆಯೂ ಬಂತು. “ಆ ದರ್ಜಿಗೆ ಬುದ್ಧಿ ಇಲ್ಲ ರೀ. ಮೊದಲೇ ಯಾಕೆ ಬರ್ಕೊಟ್ಟ? ನಮ್ಮ ದೇವರುಗಳೇ ವಾಸಿ. ಕೆಲಸ ಆದ್ಮೇಲೆ ಹರಕೆ ತೀರಿಸಿದ್ರೆ ಸಾಕು.”

ಇಷ್ಟು ಬಿಡಿಸಿ ಹೇಳಿದರೂ ನನ್ನ ತಲೆಗೆ ಹೋಗಲಿಲ್ಲ. ಕೆಲವು ದಿನಗಳಲ್ಲೇ ಬನಶಂಕರಿ ಗುಡಿಯಲ್ಲಿ ನಿಂತು, ಸರಸು ಹುಷಾರಾದರೆ ಜನ್ಮಪೂರ್ತಿ ಕಾಫಿ ಬಿಡುತ್ತೇನೆ ತಾಯಿ ಎಂದು ಹರಕೆ ಹೊತ್ತೆ. ನನ್ನ ಪಾಲಿಗೆ ಕಾಫಿಯೆಂದರೆ ಆತ್ಮಕ್ಕಿಂತ ಒಂದು ಕೈ ಮೇಲು. ದೇವಿಗೆ ನನ್ನ ಮೇಲೆ ನಂಬಿಕೆ ಬರಲೆಂದು ಅಂದೇ ಬಿಟ್ಟೂಬಿಟ್ಟೆ. ಹರಕೆಯ ವಿಷಯ ಬಾಯಿಬಿಡುವುದು ಹೇಗೆ? ಸರಸು ಲೋಟ ಹಿಡಿದು ಬಂದಾಗ, “ಪಿತ್ತ ಕಣೇ, ಕಾಫಿ ಸೇರ್ತಿಲ್ಲ” ಎಂದೆ. ಅವಳ ಮುಖ ಬಾಡಿತು. ಅಂದಿನಿಂದ ನನಗೆ ಜೀರಿಗೆ ಕಷಾಯ. ಬೇಡವೆಂದರೂ ಕೇಳದೆ, ಏದುಸಿರು ಬಿಡುತ್ತಾ ಸೀಮೆಎಣ್ಣೆ ಸ್ಟೌವಿನ ಮುಂದೆ ನಿಂತು ತಾನೇ ಕಾಸುತ್ತಿದ್ದಳು.

ಮಳೆಗಾಲ ಮುಗಿಯುವುದರೊಳಗೆ ಸರಸು ತೀರಿಕೊಂಡಳು.

ಕರ್ಮಗಳೆಲ್ಲ ಮುಗಿದ ದಿನ, ಕತ್ರಿಗುಪ್ಪೆಯಿಂದ ಬಂದಿದ್ದ ಅವಳ ತಂಗಿ ಪದ್ಮ ಕಾಫಿ ತಂದಿಟ್ಟಳು. ದೇವಿಯ ಮೇಲಿನ ಸಿಟ್ಟಿಗಾದರೂ ಕುಡಿಯಬಹುದಿತ್ತು. ಮನಸ್ಸು ಬಾರದೆ ಬೇಡವೆಂದೆ. ಪದ್ಮ ಅತ್ತುಬಿಟ್ಟಳು. “ಕುಡೀರಿ ಭಾವ. ಅಕ್ಕ ಬನಶಂಕರಿಗೆ ಹರಕೆ ಹೊತ್ತಿದ್ಲು. ನಿಮ್ಮ ಪಿತ್ತ ವಾಸಿಯಾಗಿ ಮತ್ತೆ ಕಾಫಿ ಕುಡಿಯೋ ಹಾಗಾದ್ರೆ ನಿಂಬೆಹಣ್ಣಿನ ದೀಪ ಹಚ್ತೀನಿ ಅಂತ.”

“ತನಗೋಸ್ಕರ ಏನೂ ಕೇಳ್ಕೊಳ್ಳಲಿಲ್ವಾ?”

“ನಾನೂ ಕೇಳ್ದೆ ಭಾವ. ಒಂದೇ ಸಲಕ್ಕೆ ಎರಡೆರಡು ಕೇಳಿದ್ರೆ ಚೆನ್ನಾಗಿರಲ್ಲ ಅಂದ್ಲು.”

ಲೋಟ ಎತ್ತಿ ಕುಡಿದೆ. ಆರಿಹೋಗಿತ್ತು, ರುಚಿಯೇ ತಿಳಿಯಲಿಲ್ಲ.

ಮಂಗಳವಾರ ರಾಹುಕಾಲಕ್ಕೆ ಬನಶಂಕರಿ ಗುಡಿಗೆ ಹೋದೆ. ಹೆಂಗಸರ ಸಾಲಿನ ನಡುವೆ ನಾನೊಬ್ಬನೇ ಗಂಡಸು. ಹಿಂಡಿದ ನಿಂಬೆ ಹೋಳನ್ನು ಒಳಮಗ್ಗುಲು ಹೊರಗೆ ಮಾಡಿ ಬಟ್ಟಲಾಗಿಸಲು ಹೋಗಿ ಹರಿದುಹಾಕಿದೆ. ಪಕ್ಕದ ಹೆಣ್ಣುಮಗಳು ತಾನೇ ಮಾಡಿಕೊಟ್ಟು, “ಮಗಳ ಮದುವೆಗಾ ಅಂಕಲ್?” ಎಂದು ಕೇಳಿದಳು.

“ಇಲ್ಲಮ್ಮ, ನನಗೆ ಪಿತ್ತ ಆಗಿತ್ತು. ವಾಸಿಯಾಯ್ತು.”

“ನೋಡಿ, ಅಮ್ಮ ಕೇಳಿದ್ದನ್ನ ಕೊಟ್ಟೇ ಕೊಡ್ತಾಳೆ” ಎಂದಳು.

ಹೌದೆಂದು ತಲೆಯಾಡಿಸಿ ಬತ್ತಿಗೆ ಬೆಂಕಿ ತಾಗಿಸಿದೆ. ನನಗೆ ಇಲ್ಲದ ರೋಗವನ್ನು ದೇವಿ ವಾಸಿ ಮಾಡಿದ್ದಳು, ಇನ್ನು ಹರಕೆ ತೀರಿಸದೆ ಇರಲಾಗುತ್ತದೆಯೇ? ಕೆಲಸ ಆದ ಮೇಲೆ ಕೊಟ್ಟು ನಾನು ಮುಗಿಸಿದ ವ್ಯವಹಾರ ಇದೊಂದೇ. ಅದನ್ನೂ ಸರಸುವೇ ಕುದುರಿಸಿಟ್ಟು ಹೋಗಿದ್ದಳು.