ತಲೆಕೆಳಗಾದ ಸಂತ ಮತ್ತು ಅಬೀಲಿಯೊನ ಗೋಲು

ಡೋನ ಎರ್ಮೆಲಿಂಡ ಸಂತ ಅಂತೋಣಿಯನ್ನು ತಲೆಕೆಳಗು ಮಾಡಿ ಅಕ್ಕಿ ಡಬ್ಬದಲ್ಲಿ ನಿಲ್ಲಿಸದೇ ಇದ್ದಿದ್ದರೆ ಅಬೀಲಿಯೊನ ಆ ಭಾನುವಾರ ಕೆಟ್ಟದಾಗಿ ಮುಗಿಯುತ್ತಿತ್ತು, ನಿಜ. ಆದರೆ ಇಷ್ಟೊಂದು ಕೆಟ್ಟದಾಗಿ ಮುಗಿಯುತ್ತಿರಲಿಲ್ಲ.

ಅಬೀಲಿಯೊ ನಮ್ಮ ವಾಲ್ಮೋರ್ ಫುಟ್‌ಬಾಲ್ ಕ್ಲಬ್ಬಿನ ಸ್ಟ್ರೈಕರ್. ಗೋಲು ಹೊಡೆಯುವುದೊಂದೇ ಅವನ ಕೆಲಸ. ಹದಿನೆಂಟು ವರ್ಷದಲ್ಲಿ ಹನ್ನೊಂದು ಕ್ಲಬ್ಬು ಸುತ್ತಿದ್ದ. ಒಂದು ಕಾಲದಲ್ಲಿ ಲಿಸ್ಬನ್ನಿನ ದೊಡ್ಡ ಕ್ಲಬ್ಬಿನವರು ಇವನ ಆಟ ನೋಡಲು ಜನ ಕಳಿಸಿದ್ದರಂತೆ. ಅವರು ಬಂದ ದಿನವೇ ಇವನಿಗೆ ಮಂಗನಬಾವು. ಗಂಟಲಿಗೆ ಮಫ್ಲರ್ ಸುತ್ತಿಕೊಂಡು ಬೆಂಚಿನ ಮೇಲೆ ಕೂತಿದ್ದನ್ನು ನೋಡಿ ಅವರು ವಾಪಸ್ ಹೋದರು, ಮತ್ತೆ ಬರಲಿಲ್ಲ. ಈಗ ವಯಸ್ಸು ಮೂವತ್ತಾರು. ಎಡ ಮೊಣಕಾಲು ಮಡಿಸಿದರೆ ಹಳೇ ಬಾಗಿಲು ತೆಗೆದ ಹಾಗೆ ಸದ್ದು. ಹೋದ ಮೂವತ್ತೊಂದು ಪಂದ್ಯಗಳಲ್ಲಿ ಒಂದೇ ಒಂದು ಗೋಲೂ ಇಲ್ಲ.

ಅಂದು ಮೇ ತಿಂಗಳ ಮೊದಲ ಭಾನುವಾರ, ಆ ಫುಟ್‌ಬಾಲ್ ವರ್ಷದ ಕೊನೆಯ ಪಂದ್ಯ. ಕ್ಲಬ್ಬಿನ ಅಧ್ಯಕ್ಷ ಕಾಝಿಮೀರೊ ಹಿಂದಿನ ದಿನವೇ ತನ್ನ ಟೈಲ್ಸ್ ಅಂಗಡಿಗೆ ಕರೆಸಿ ಹೇಳಿದ್ದ: “ನೋಡಿ ಅಬೀಲಿಯೊ, ನಾಳೆ ಒಂದು ಗೋಲು ಹೊಡೀರಿ, ಇನ್ನೊಂದು ವರ್ಷ ಇಟ್ಕೋತೀನಿ. ಇಲ್ಲಾಂದ್ರೆ ಬೂಟು ವಾಪಸ್ ಕೊಟ್ಟು ಮನೆಗೆ ಹೋಗಿ. ನಂಗೂ ಊರಿಗೆ ಮುಖ ತೋರಿಸ್ಬೇಕಲ್ಲ.”

ಮನೆಗೆ ಬಂದರೆ ಊಟದ ಮೇಜಿನ ಮೇಲೆ ಒಂದು ಜೊತೆ ರಬ್ಬರ್ ಕೈಗವಸು. ಹೆಂಡತಿಯ ತಮ್ಮ ಅಲ್ಬಾನೊ ತಂದಿಟ್ಟಿದ್ದ. ಬಂದರಿನಲ್ಲಿ ಮೀನಿಗೆ ಐಸ್ ಹಾಕುವ ಕೋಣೆಯಲ್ಲಿ ಭಾವನಿಗೊಂದು ಕೆಲಸ ಹೇಳಿಟ್ಟಿದ್ದಾನಂತೆ, ಪಂದ್ಯ ಮುಗಿಯುವ ಮೊದಲೇ! ಆ ಕೈಗವಸು ಕಣ್ಣಿಗೆ ಬಿದ್ದಾಗಲೆಲ್ಲ ಅಬೀಲಿಯೊ ಮುಖ ತಿರುಗಿಸಿಕೊಳ್ಳುತ್ತಿದ್ದ. ಐಸು ಅಂದರೆ ಅವನಿಗೆ ಹೆದರಿಕೆಯಿರಲಿಲ್ಲ. ಚೆಂಡು ಇಲ್ಲದ ಸೋಮವಾರ ಹೇಗಿರುತ್ತದೆ ಅಂತ ಅವನಿಗೆ ಗೊತ್ತಿರಲಿಲ್ಲ, ಅದಕ್ಕೆ ಹೆದರುತ್ತಿದ್ದ.

ಭಾನುವಾರ ಬೆಳಿಗ್ಗೆ ಬಾಗಿಲು ಬಡಿದದ್ದು ಮೇಲಿನ ಮನೆಯ ಎರ್ಮೆಲಿಂಡ, ಊರಿಗೆಲ್ಲ ‘ಡೋನ’, ಅಂದರೆ ಅಮ್ಮಾವ್ರು. ಗಂಡ ಸತ್ತು ಇಪ್ಪತ್ತು ವರ್ಷವಾದರೂ ಕಪ್ಪು ಬಟ್ಟೆ ಬಿಟ್ಟವಳಲ್ಲ, ಬೇರೆಯವರ ಸಂಸಾರದ ಉಸಾಬರಿಯನ್ನೂ ಬಿಟ್ಟವಳಲ್ಲ.

“ಮಗಾ, ಇವತ್ತು ನೀನು ಗೋಲು ಹೊಡೆದ ಹಾಗೇ ಲೆಕ್ಕ. ಮೂರು ದಿನದಿಂದ ಅಂತೋಣಿಯಪ್ಪನ್ನ ತಲೆಕೆಳಗು ನಿಲ್ಸಿದ್ದೀನಿ. ಕೊಡೋವರ್ಗೂ ಎತ್ತಲ್ಲ ಅಂತ ಮುಖದ ಮೇಲೆ ಹೇಳಿದ್ದೀನಿ.”

ನಮ್ಮ ಕಡೆ ಇದು ಹೊಸದಲ್ಲ. ಮಗಳಿಗೆ ಗಂಡು ಸಿಗದಿದ್ದರೂ, ಬೀಗದ ಕೈ ಕಳೆದರೂ ಪಾಪ ಆ ಸಂತನೇ ತಲೆಯ ಮೇಲೆ ನಿಲ್ಲಬೇಕು. ಅಬೀಲಿಯೊ ಥ್ಯಾಂಕ್ಸ್ ಹೇಳಿ ಬಾಗಿಲು ಹಾಕಲು ಹೋದ.

“ತಡಿ, ಬರೀ ಹೆದರ್ಸಿದ್ರೆ ಆಗುತ್ತಾ? ಜೊತೆಗೆ ಹರಕೇನೂ ಹೊತ್ತಿದ್ದೀನಿ. ಅಬೀಲಿಯೊ ಗೋಲು ಹಾಕಿದ್ರೆ ಫಾತಿಮಾ ಮಾತೆ ಕ್ಷೇತ್ರದವರ್ಗೂ ನಡ್ಕೊಂಡು ಬರ್ತಾನೆ ಅಂತ.”

“ಯಾರು ಬರ್ತಾರೆ?”

“ನೀನು!”

“ಡೋನ ಎರ್ಮೆಲಿಂಡ, ಅದು ನೂರೈವತ್ತು ಕಿಲೋಮೀಟರ್! ಹರಕೆ ಹೊತ್ತಿದ್ದು ನೀವು, ನಡೆಯೋದು ನಾನಾ?”

“ಗೋಲು ಬೇಕಾಗಿರೋದು ನಿಂಗೋ ನಂಗೋ? ಈ ವಯಸ್ಸಲ್ಲಿ ನನ್ನ ನಡಿ ಅಂತೀಯಲ್ಲ, ನಾಚ್ಕೆ ಆಗಲ್ವಾ?”

“ದಯವಿಟ್ಟು ವಾಪಸ್ ತಗೊಂಬಿಡಿ. ನನ್ನ ಮಂಡಿ ನಿಮ್ಗೆ ಗೊತ್ತಲ್ಲ.”

“ಸಂತನ ಹತ್ರ ಆಡಿದ ಮಾತು ವಾಪಸ್ ತಗೊಳ್ಳೋಕೆ ಅದೇನು ಅಂಗಡೀಲಿ ಕೊಂಡ ಚಪ್ಲೀನಾ?” ಅಂದವಳೇ ಮೆಟ್ಟಿಲು ಹತ್ತಿ ಹೋದಳು.

ತಲೆ ಕೆಟ್ಟು ಅಬೀಲಿಯೊ ಕೆಳಗಿನ ಕೆಫೆಗೆ ಹೋದ. ಕೆಫೆಯ ಝೆಫರಿನೊ ಕಾಫಿ ಬಗ್ಗಿಸುತ್ತಲೇ ಕಣ್ಣು ಹೊಡೆದ.

“ಏನೂ ಯೋಚ್ನೆ ಮಾಡ್ಬೇಡ ಮಾರಾಯ. ನಾನೂ ನಿನ್ನ ಹೆಸರಲ್ಲಿ ಹರಕೆ ಹೊತ್ತಿದ್ದೀನಿ.”

ಅಬೀಲಿಯೊ ಬಟ್ಟಲು ಕೆಳಗಿಟ್ಟ. “ಏನಂತ?”

“ಗೋಲು ಬಿದ್ರೆ ಗುಡ್ಡದ ಮೇಲಿನ ಚರ್ಚಿಗೆ ಮಂಡಿಯೂರ್ಕೊಂಡು ಮೂರು ಸುತ್ತು. ಸಣ್ಣದೇ ಹೊತ್ತೆ, ನಿನ್ನ ಮಂಡಿ ನೋವು ಅಂತ ಗೊತ್ತಲ್ಲ.”

“ಮಂಡಿ ನೋವು ಅಂತ ಗೊತ್ತಿದ್ದೂ ಮಂಡಿ ಮೇಲೇನಾ?”

“ನೋವಿರೋ ಕಡೆಯಿಂದ ಕೊಟ್ರೇ ಅಲ್ವೇನಯ್ಯ ಹರಕೆ! ನೋವಿಲ್ದೇ ಇರೋ ಕಡೆಯಿಂದ ಯಾವನಾದ್ರೂ ಕೊಡ್ತಾನೆ.”

ಪಕ್ಕದ ಮೇಜಿನ ನಾಲ್ವರೂ ಹೌದು ಹೌದು ಎಂದು ತಲೆ ಆಡಿಸಿದರು. ಕಾಫಿ ಅರ್ಧಕ್ಕೇ ಬಿಟ್ಟು ಅಬೀಲಿಯೊ ಮನೆಗೆ ಓಡಿದ. ಹೆಂಡತಿ ಲೂರ್ದೆಸ್ ಆಲೂಗಡ್ಡೆ ಸುಲಿಯುತ್ತಿದ್ದಳು. ಅವನು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಕೊಂಡ. ಅವಳು ತಲೆ ಎತ್ತಲಿಲ್ಲ.

“ನೀನು ಯಾಕೆ ಸುಮ್ನಿದ್ದೀಯ?” ಎಂದು ಅವನು ಕೇಳಿದ. “ಲೂರ್ದೆಸ್, ನೀನೂನಾ?”

“ಬೈಬೇಡ್ರೀ. ಒಂದು ವರ್ಷ ವೈನ್ ಮುಟ್ಟಲ್ಲ ಅಂತ ಹೇಳ್ಕೊಂಡೆ.”

“ಯಾರು ಮುಟ್ಟಲ್ಲ?”

“ನಾನು ಮೊದ್ಲೇ ಕುಡಿಯಲ್ವಲ್ಲ,” ಅಂದಳು ಲೂರ್ದೆಸ್. ಆಮೇಲೆ ಮೇಜಿನ ಮೇಲಿನ ಕೈಗವಸು ನೋಡಿ ಅವಳ ಕಣ್ಣಲ್ಲಿ ನೀರು ಬಂತು. “ನೀವು ಆ ಐಸ್ ಕೋಣೇಲಿ ನಿಲ್ಲೋದನ್ನ ನನ್ ಕೈಲಿ ನೋಡೋಕಾಗಲ್ಲ. ಅದಕ್ಕೇ ಹೇಳ್ಕೊಂಡೆ.”

ಅಬೀಲಿಯೊನ ಕೋಪ ಇಳಿದುಹೋಯಿತು. ಗೋಲು ಬೀಳದಿದ್ದರೆ ಐಸು, ಬಿದ್ದರೆ ನೂರೈವತ್ತು ಕಿಲೋಮೀಟರ್ ರಸ್ತೆ, ಮೂರು ಸುತ್ತು ಮಂಡಿ, ಒಂದು ವರ್ಷ ಬರೀ ನೀರು. ಕ್ಯಾಬೇಜು ಸೂಪಿನ ತಟ್ಟೆಯ ಮುಂದೆ ಕೂತು ತೂಗಿ ನೋಡಿದ. ಬೀಳಲಿ, ಗೋಲೇ ಬೀಳಲಿ ಅನ್ನಿಸಿತು. ಚೀಲ ಹೆಗಲಿಗೇರಿಸಿ ಹರಕೆಯ ಕುರಿಯಂತೆ ಮೈದಾನದ ಕಡೆ ನಡೆದ.

ಬಟ್ಟೆ ಬದಲಿಸುವ ಕೋಣೆಯಿಂದ ಮೈದಾನಕ್ಕೆ ಹೋಗುವ ಓಣಿಯಲ್ಲಿ, ಗೋಡೆಗೆ ಸಂತ ಅಂತೋಣಿಯ ಒಂದು ಹಳೇ ಟೈಲ್ಸ್ ಚಿತ್ರವಿದೆ. ಎಲ್ಲರೂ ಮುಟ್ಟಿಕೊಂಡು ಹೋದರು. ಅಬೀಲಿಯೊ ಹಿಂದೆ ಉಳಿದು ಹಣೆಯನ್ನು ಅದಕ್ಕೆ ಒತ್ತಿ ಏನೋ ಗೊಣಗಿದ. ಏನೆಂದು ಯಾರಿಗೂ ಕೇಳಿಸಲಿಲ್ಲ.

ಎದುರಾಳಿ ಪಕ್ಕದೂರು ರಿಬಾಸಾಲ್. ಮೊದಲರ್ಧದಲ್ಲಿ ಅಬೀಲಿಯೊ ಒದ್ದ ಚೆಂಡು ಗೋಲಿನ ಕಂಬಕ್ಕೆ ಬಡಿದು ಹೊರಗೆ ಹೋಯಿತು. ದ್ವಿತೀಯಾರ್ಧದಲ್ಲಿ ಒದ್ದದ್ದು ಗೋಲಿನ ಮೇಲೆ ಹಾರಿ, ಗೋಡೆಯಾಚೆ ನಿಂತಿದ್ದ ಆಂಬುಲೆನ್ಸಿನ ಗಾಜು ಒಡೆಯಿತು. ಮೂರನೆಯದಕ್ಕೆ ಗೋಲು ಪೂರ್ತಿ ಖಾಲಿ, ಎದುರಿಗೆ ನರಪಿಳ್ಳೆಯಿಲ್ಲ. ಅಬೀಲಿಯೊ ಜಾರಿ ಬಿದ್ದ.

“ಅಯ್ಯೋ ಶನಿ! ನಮ್ಮಜ್ಜಿ ಹೊಡೀತಿದ್ಲಲ್ಲೋ ಅದನ್ನ!” ಎಂದು ಝೆಫರಿನೊ ಎದೆ ಬಡಿದುಕೊಂಡ. ಹರಕೆ ಹೊತ್ತ ಬಾಯೇ ಅದು.

ಎಂಬತ್ತೊಂಬತ್ತನೇ ನಿಮಿಷ, ಎರಡೂ ಕಡೆ ಸೊನ್ನೆ. ರಿಬಾಸಾಲಿಗೆ ಕಾರ್ನರ್ ಕಿಕ್ ಸಿಕ್ಕಿತು. ಮೇಲಿನ ಸಾಲಿನಿಂದ ಕಾಝಿಮೀರೊ ಎದ್ದು ಕೂಗಿದ: “ಎಲ್ಲಾ ಹಿಂದೆ ಬನ್ರೋ! ಅಬೀಲಿಯೊ, ನೀವೂ!”

ಹದಿನೆಂಟು ವರ್ಷದಲ್ಲಿ ಅಬೀಲಿಯೊ ತನ್ನ ತಂಡದ ಗೋಲಿನ ಮುಂದೆ ಕಾವಲಿಗೆ ಹೋಗಿ ನಿಂತವನಲ್ಲ. ಆದರೆ ಇನ್ನೊಂದು ವರ್ಷ ಕೊಡುವವನ ಮಾತು, ಮೀರುವುದು ಹೇಗೆ? ಕುಂಟಿಕೊಂಡು ಬಂದು ನಿಂತ. ಚೆಂಡು ಬಾಗಿ ಬಂತು, ನೇರ ಅವನ ಹಣೆಗೇ ಗುರಿಯಿಟ್ಟ ಹಾಗೆ. ಅಬೀಲಿಯೊ ನೆಗೆದ. ಮಂಡಿ ನೋಯಲಿಲ್ಲ. ಹೊರಗೆ ಕಳಿಸಬೇಕೆಂದು ಅವನ ಬುದ್ಧಿಗೆ ಗೊತ್ತಿತ್ತು, ದೇವರಾಣೆ ಗೊತ್ತಿತ್ತು. ಆದರೆ ಆ ಹಣೆಗೆ ಹುಟ್ಟಿದಾಗಿನಿಂದ ಒಂದೇ ಪಾಠ: ಬಲೆ ಕಂಡರೆ ಚೆಂಡನ್ನು ಅದರೊಳಗೆ ಹಾಕು. ಹಾಕಿತು. ಬಲಗಡೆಯ ಮೇಲಿನ ಮೂಲೆಗೆ ಸರಿಯಾಗಿ ಹೋಯಿತು. ನಮ್ಮ ಗೋಲ್‌ಕೀಪರ್ ಕೈ ಎತ್ತಲೂ ಇಲ್ಲ, ಬಾಯಿ ಬಿಟ್ಟು ನೋಡುತ್ತ ನಿಂತ.

ಬಲೆ ಅಲ್ಲಾಡಿತು. ಅದನ್ನು ಕಂಡದ್ದೇ ಅಬೀಲಿಯೊ ಎರಡೂ ಕೈ ಆಕಾಶಕ್ಕೆತ್ತಿ ಓಡಲು ಶುರುಮಾಡಿದ. ನಾಲ್ಕು ಹೆಜ್ಜೆ ಓಡಿದ. ಐದನೆಯ ಹೆಜ್ಜೆಗೆ, ತನ್ನನ್ನು ತಬ್ಬಿಕೊಳ್ಳಲು ಬರುತ್ತಿರುವವರೆಲ್ಲ ರಿಬಾಸಾಲಿನವರು ಎಂದು ಗೊತ್ತಾಯಿತು.

ಪಂದ್ಯ ಮುಗಿದ ಮೇಲೆ ಕಾಝಿಮೀರೊ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕಣ್ಣು ತಪ್ಪಿಸಿ, “ಹದಿನೆಂಟು ವರ್ಷದಲ್ಲಿ ನಿಮ್ಮ ಅತೀ ಚಂದದ ಗೋಲು ಅದು, ಅಬೀಲಿಯೊ. ಬೂಟು ಅಲ್ಲಿಟ್ಟು ಹೋಗಿ,” ಅಂದ. ಅಬೀಲಿಯೊನ ಒಂಬತ್ತನೇ ನಂಬರಿನ ಅಂಗಿಯನ್ನೂ ಇಸಿದುಕೊಂಡು ತಾನೇ ಮಡಿಸಿಟ್ಟ.

ಕತ್ತಲಾಗುವ ಮೊದಲೇ ಅಬೀಲಿಯೊ ಮನೆ ಸೇರಿದ. ಮನೆ ತುಂಬ ಜನ. ಸಮಾಧಾನ ಹೇಳಲು ಬಂದಿದ್ದಾರೆ ಅಂದುಕೊಂಡ. ಮೇಜಿನ ಮೇಲೆ ರಬ್ಬರ್ ಕೈಗವಸು, ಅದರ ಪಕ್ಕ ಸಂತ ಅಂತೋಣಿ, ನೆಟ್ಟಗೆ ನಿಂತಿದ್ದ. ಮುಂದೆ ಎರಡು ಕಾರ್ನೇಶನ್ ಹೂವು. ಕಿವಿಯಲ್ಲಿ ಇನ್ನೂ ಒಂದು ಅಕ್ಕಿ ಕಾಳು ಸಿಕ್ಕಿಕೊಂಡಿತ್ತು.

ಡೋನ ಎರ್ಮೆಲಿಂಡ ಒಂದು ಹೊಳೆಯುವ ಹಳದಿ ಜಾಕೀಟು ಅವನ ಕೈಗಿಟ್ಟಳು. ರಸ್ತೆಯಲ್ಲಿ ವಾಹನದವರಿಗೆ ಕಾಣಲೆಂದು ಯಾತ್ರಿಕರು ಹಾಕಿಕೊಳ್ಳುವಂಥದು.

“ನಾಳೆ ಬೆಳಿಗ್ಗೆ ಆರಕ್ಕೆ ನಮ್ಮೂರ ಯಾತ್ರೆ ಹೊರಡುತ್ತೆ. ನಿನ್ನ ಹೆಸರು ಬರೆಸಿದ್ದೀನಿ.”

“ಯಾವ ಯಾತ್ರೆ? ಡೋನ ಎರ್ಮೆಲಿಂಡ, ನಾವು ಸೋತ್ವಿ! ನಾನು ಹೊಡೆದಿದ್ದು ನಮ್ ಬಲೆಗೇ!”

“ಹೊಡೆದ್ಯೋ ಇಲ್ವೋ?”

“ಹೊಡೆದೆ, ಆದ್ರೆ ಆ ಕಡೆಗೆ ಹೊಡೀಬೇಕಾಗಿತ್ತು...”

“ಮೂರು ದಿನ ತಲೆ ಕೆಳಗೆ ಕಾಲು ಮೇಲೆ ಮಾಡ್ಕೊಂಡು ನಿಂತವನಿಗೆ ಈ ಕಡೆ ಯಾವ್ದು, ಆ ಕಡೆ ಯಾವ್ದು ಹೇಗಪ್ಪಾ ಗೊತ್ತಾಗ್ಬೇಕು? ಪಾಪ, ಕೈಲಾದಷ್ಟು ಮಾಡಿದ್ದಾನೆ. ಅವನ ಮಾತು ಅವನು ಉಳಿಸ್ಕೊಂಡ.”

“ಗುಡ್ಡದ ಚರ್ಚು ಫಾತಿಮಾದಿಂದ ಬಂದ್ಮೇಲೆ ಇಟ್ಕೋ, ಅವಸರ ಇಲ್ಲ,” ಎಂದ ಝೆಫರಿನೊ ಉದಾರವಾಗಿ.

“ಭಾವ, ಹತ್ತು ದಿನ ಬಿಟ್ಟು ಬರ್ತೀರಿ ಅಂತ ಐಸ್ ಕೋಣೇಲಿ ಹೇಳಿದ್ದೀನಿ,” ಎಂದ ಅಲ್ಬಾನೊ.

ಲೂರ್ದೆಸ್ ಎದ್ದಳು. ವೈನಿನ ಬಾಟಲಿಯನ್ನು ಮೆಲ್ಲಗೆ ಎತ್ತಿ ಬೀರುವಿನೊಳಗಿಟ್ಟು ಬೀಗ ಹಾಕಿದಳು.

ಅಬೀಲಿಯೊ ಕುರ್ಚಿಯಲ್ಲಿ ಕುಸಿದ. ಸಂತನ ಮುಖ ನೋಡಿದ. ಆಮೇಲೆ ಅವನ ಭುಜ ಕುಲುಕತೊಡಗಿತು. ನಗುತ್ತಿದ್ದಾನೋ ಅಳುತ್ತಿದ್ದಾನೋ ತಿಳಿಯಲಿಲ್ಲ.

“ನಾನೂ ಕೇಳ್ಕೊಂಡಿದ್ದೆ,” ಅಂದ. “ಓಣೀಲಿ, ಪಂದ್ಯಕ್ಕೆ ಮುಂಚೆ. ಅಪ್ಪಾ, ಒಂದೇ ಒಂದ್ಸಲ ನನ್ನ ಚೆಂಡಿಗೆ ಬಲೆ ಅಲ್ಲಾಡೋದನ್ನ ತೋರಿಸು ಅಂತ.”

“ನೋಡಿದ್ಯಾ?” ಕೇಳಿದಳು ಡೋನ ಎರ್ಮೆಲಿಂಡ.

“ನೋಡಿದೆ. ನಾಲ್ಕು ಹೆಜ್ಜೆ ಖುಷಿಯಾಗಿತ್ತು.”

“ಮತ್ತೆ ನೀನೇನು ಹೊತ್ಕೊಂಡೆ?”

ಅಬೀಲಿಯೊ ತಲೆ ತಗ್ಗಿಸಿ ತನ್ನ ಪಾದಗಳನ್ನೇ ನೋಡಿಕೊಂಡ. “ಹೇಗೂ ಫಾತಿಮಾವರ್ಗೂ ನಡೀಲೇಬೇಕಲ್ಲ, ಅದನ್ನ ಬರಿಗಾಲಲ್ಲಿ ನಡೀತೀನಿ ಅಂತ.”

ಡೋನ ಎರ್ಮೆಲಿಂಡ ಎರಡೂ ಕೈ ಸೊಂಟಕ್ಕಿಟ್ಟುಕೊಂಡಳು. “ಮೊದ್ಲೇ ಬಾಯಿ ಬಿಡಬಾರ್ದೇನೋ! ಸಾಯಂಕಾಲದಿಂದ ನನ್ನ ಗಂಡನ ಹಳೇ ಬೂಟು ಹುಡುಕಿ, ನಿಂಗೆ ಆಗುತ್ತೆ ಅಂತ ಒರೆಸಿ ಇಟ್ಟಿದ್ದೆ,” ಎಂದು ಬಾಗಿಲ ಹಿಂದಿದ್ದ ಆ ಬೂಟುಗಳನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿದಳು.