ದಿಲ್ಲಿಗೆ ನಮ್ಮ ತೋಟದ ಶಾಲೆಯ ಉಸಾಬರಿ ಬೇಡವೆಂದ ಶಿವಯೋಗೆಪ್ಪನವರಿಗೆ

ಚಿಮ್ಮಡದ ಹತ್ತಿರದ ತೋಟದ ಶಾಲೆಯಿಂದ
೩೦ ಆಗಸ್ಟ್ ೨೦೧೪

ಮಾನ್ಯರೇ,

ಕಬ್ಬಿನ ಒಡೆಯರೂ, ಕಾಲುವೆ ನೀರಿನ ಸರದಿಯಲ್ಲಿ ಸದಾ ಮೊದಲಿಗರೂ, ಭಾಷಣದಲ್ಲಿ ಕೊನೆಯೇ ಇಲ್ಲದವರೂ ಆದ ತಮಗೆ ಬಿಸಿಯೂಟದ ಅಡುಗೆಯಾಕೆ ಇಂದ್ರವ್ವ ಮಾಡುವ ಶರಣು. ಪತ್ರ ಬರೆಯುವುದನ್ನು ನಾನು ಏಳನೆಯ ತರಗತಿಯವರೆಗೆ ಮಾತ್ರ ಕಲಿತಿದ್ದೇನೆ. ಎಲ್ಲಾದರೂ ವಿನಯ ಹೆಚ್ಚಾದರೆ ಮನ್ನಿಸಬೇಕು.

ಸ್ವಾತಂತ್ರ್ಯ ದಿನದಂದು ತಾವು ಧ್ವಜದ ಕೆಳಗೆ ನಿಂತು, "ನಮ್ಮ ಹುಡುಗ್ರನ್ನ ನಾವು ನೋಡ್ಕೋತೀವಿ, ದಿಲ್ಲಿಯಾವ್ರಿಗೆ ನಮ್ಮ ಸಾಲಿ ಉಸಾಬರಿ ಯಾಕ ಬೇಕು?" ಎಂದು ಗುಡುಗಿದಾಗ ಮೊದಲು ಚಪ್ಪಾಳೆ ತಟ್ಟಿದವಳು ನಾನೇ. ತಮಗೆ ಬೇಡವಾದದ್ದು ಎಂಟನೆಯ ತರಗತಿಯೆಂದು ಆಮೇಲೆ ತಿಳಿಯಿತು. ಎಂಟರವರೆಗೆ ಎಲ್ಲ ಮಕ್ಕಳೂ ಓದಬೇಕೆಂಬುದು ದಿಲ್ಲಿಯ ಕಾಯಿದೆ. ಏಳಕ್ಕೇ ನಿಲ್ಲುವ ನಮ್ಮ ಶಾಲೆಗೆ ಅದಕ್ಕೆಂದು ಕೋಣೆಯೂ ಮಂಜೂರಾಗಿದೆ. ಕಟ್ಟಬೇಕಾದ ಜಾಗ ಶಾಲೆಯದೇ, ಆದರೆ ಅಲ್ಲಿ ತಮ್ಮ ಕಬ್ಬು ಬೆಳೆದು ನಿಂತಿತ್ತು. ಪಾಪ, ಗಡಿಗಲ್ಲು ಗುರುತಿಸಲು ಕಬ್ಬೇನು ಶಾಲೆಗೆ ಹೋಗಿದೆಯೇ?

ನನ್ನ ಮಗಳು ಸೌಂದರ್ಯಾ ಈಗ ಏಳರಲ್ಲಿದ್ದಾಳೆ. ಎಂಟನೆಯದಕ್ಕೆ ಅವಳನ್ನು ಬನಹಟ್ಟಿಯ ಬಸ್ಸು ಹತ್ತಿಸಲು ಅವಳಪ್ಪ ಒಪ್ಪುವುದಿಲ್ಲ. ಕೋಣೆಯಾಗದಿದ್ದರೆ ಬರುವ ಜೂನಿನಿಂದ ಅವಳು ತಮ್ಮ ಹೊಲದಲ್ಲೇ ಕಳೆ ಕೀಳಬೇಕು. ಈ ಚಿಂತೆಯಲ್ಲಿದ್ದ ನನಗೆ ದಾರಿ ತೋರಿಸಿದ್ದು ತಮ್ಮ ಭಾಷಣವೇ.

ಹಿರಿಯರ ಮಾತು ಸುಳ್ಳಾಗಬಾರದೆಂದು ನಾನು ಸೋಮವಾರ ದಿಲ್ಲಿಯ ಅಕ್ಕಿಯ ಚೀಲ ಬಿಚ್ಚಲಿಲ್ಲ. ಅರವತ್ತಮೂರು ಮಕ್ಕಳ ಕೈಗೂ ತಾಟು ಕೊಟ್ಟು ಸಾಲಾಗಿ ತಮ್ಮ ಮನೆಗೆ ಕರೆತಂದೆ. ಹಾಜರಿ ಪುಸ್ತಕ ಬಗಲಲ್ಲಿಟ್ಟುಕೊಂಡು ಗುರುಗಳೂ ಹಿಂದೆ ಬಂದರು. ಕಟ್ಟೆಯ ಮೇಲೆ ಎಲೆಯಡಿಕೆ ಮೆಲ್ಲುತ್ತಿದ್ದ ತಾವು, "ಏನಬೇ ಇಂದ್ರವ್ವಾ, ಯಾರ ಮದಿವಿ?" ಎಂದಿರಿ.

"ನಾವು ನೋಡ್ಕೋತೀವಿ ಅಂದಿದ್ರೆಲ್ರಿ, ಅದಕ್ಕ ಉಣ್ಣಾಕ ಬಂದಾರ" ಎಂದೆ.

ತಮ್ಮ ದೊಡ್ಡತನವನ್ನು ಎಷ್ಟು ಹೊಗಳಿದರೂ ಸಾಲದು. ತಾವು ಮಕ್ಕಳನ್ನು ಹೊರಗಟ್ಟಲಿಲ್ಲ. ರೊಟ್ಟಿ ಬಡಿಯುವಂತೆ ಒಳಗಿದ್ದ ತಮ್ಮ ಹೆಂಡತಿ ತಂಗೆವ್ವಕ್ಕನಿಗೆ ಕೂಗಿ ಹೇಳಿ, ಮತ್ತೊಂದು ಎಲೆಗೆ ಸುಣ್ಣ ಹಚ್ಚಿದಿರಿ. ಎಂಬತ್ತನೆಯ ರೊಟ್ಟಿಯ ಹೊತ್ತಿಗೆ ತಂಗೆವ್ವಕ್ಕ ಹಿಟ್ಟಿನ ಕೈಯಲ್ಲೇ ಹೊರಬಂದು, "ನಾವು ನೋಡ್ಕೋತೀವಿ ಅಂತ ಭಾಷಣಾ ಮಾಡಿ ಬಂದೀರಂತ. ಆ 'ನಾವು' ಅಂದ್ರ ನಾನೊಬ್ಬಾಕಿನ ಏನ್ರಿ?" ಎಂದು ಕೇಳಿದರು. ತಾವು ಬಾಯಲ್ಲಿದ್ದ ಎಲೆ ಉಗುಳಲು ಅಂಗಳದ ಮೂಲೆಗೆ ಎದ್ದುಹೊರಟಿರಿ. ಅಷ್ಟರಲ್ಲಿ ಮೂರನೆಯ ತರಗತಿಯ ಹುಡುಗಿಯೊಬ್ಬಳು, "ಮುತ್ಯಾ, ನಾಳೀನೂ ಇಲ್ಲೇ ಏನ್ರಿ?" ಎಂದಳು.

ದಿಲ್ಲಿಯವರು ದೇವರಲ್ಲ ಬಿಡಿ. ಅವರ ಅಕ್ಕಿಯಲ್ಲಿ ಹರಳು ಆರಿಸಿ ನನ್ನ ಕಣ್ಣು ಮಂಜಾಗಿದೆ, ಅವರ ನಮೂನೆ ತುಂಬಿ ಗುರುಗಳ ತಲೆ ಬೋಳಾಗಿದೆ. ಆದರೂ ಅವರಲ್ಲೊಂದು ಗುಣವುಂಟು: ಅವರಿಗೆ ತಮ್ಮ ಪರಿಚಯವಿಲ್ಲ. ಶಾಲೆಯ ಜಾಗ ಬಿಡಿಸಲು ಬಂದ ಪರಿಚಯದ ಊರಿನವರೆಲ್ಲ ತಮ್ಮ ಮುಖ ನೋಡಿ, ಕಬ್ಬು ನೋಡಿ, ಚಹಾ ಕುಡಿದು ಎದ್ದುಹೋದರು. ಅಷ್ಟು ದೂರದ ಕಾಯಿದೆ ಮಾತ್ರ ತಾವು ಯಾರೆಂದು ತಿಳಿಯದೆ, ಅಡುಗೆಯವಳ ಮಗಳೂ ಓದಬೇಕೆಂದು ಬರೆದುಬಿಟ್ಟಿದೆ. ಅದರ ಅಜ್ಞಾನವೇ ನಮ್ಮ ಪುಣ್ಯ.

ಮಂಗಳವಾರ ಬೆಳಗ್ಗೆ ಸದ್ದು ಕೇಳಿ ಬಂದು ನೋಡಿದರೆ, ತಾವೊಬ್ಬರೇ ಕುಡುಗೋಲು ಹಿಡಿದು ಶಾಲೆಯ ಜಾಗದ ಕಬ್ಬು ಕಡಿಯುತ್ತಿದ್ದಿರಿ. "ಇನ್ನೆರಡು ತಿಂಗಳಿಗೆ ಕಾರ್ಖಾನಿಗೆ ಹೋಗ್ತಿತ್ತಬೇ" ಎಂದು ಮುಖ ಒರೆಸಿಕೊಂಡಿರಿ. ನಗಬೇಕೆಂದೇ ಬಂದಿದ್ದೆ, ನಗು ಬರಲಿಲ್ಲ. ನಾನೂ ಮನೆಗೆ ಹೋಗಿ ಕುಡುಗೋಲು ತಂದೆ.

ಅಲ್ಲಿಗೆ ಎಲ್ಲ ಮುಗಿಯಿತೆಂದುಕೊಂಡಿದ್ದೆ. ಆದರೆ ತಾವು ಶಾಲೆಗೆ ಜಾಗ ದಾನ ಮಾಡಿದ್ದಾಗಿ ಜಮಖಂಡಿ ಪೇಟೆಯಲ್ಲೆಲ್ಲ ಹೇಳಿ, ಹಾಗೆಂದು ಕಲ್ಲಿನಲ್ಲಿ ಕೆತ್ತಿಸಲೂ ಕೊಟ್ಟಿರುವಿರಂತೆ. ಶಾಲೆಯ ಜಾಗವನ್ನು ಶಾಲೆಗೇ ದಾನ ಮಾಡಿದವರು ಈ ಸೀಮೆಯಲ್ಲಿ ತಾವೇ ಮೊದಲಿಗರು. ಹಾಗೆಯೇ ಸೂರ್ಯನನ್ನೂ ಊರಿಗೆ ದಾನ ಮಾಡಿ, ಬೆಳಕಿನ ಕೊರತೆ ನೀಗಿಸಬೇಕೆಂದು ಪ್ರಾರ್ಥನೆ. ಕಲ್ಲನ್ನು ಧಾರಾಳವಾಗಿ ನೆಡಿಸಿ, ಅಕ್ಷರ ಮಾತ್ರ ದಪ್ಪಗಿರಲಿ. ಅದನ್ನು ಓದಿ ನಗಲು ಇನ್ನು ವರ್ಷವರ್ಷವೂ ಎಂಟನೆಯ ತರಗತಿಯ ಹುಡುಗಿಯರಿರುತ್ತಾರೆ.

ಸೌಟು ಹಿಡಿದ ಕೈಯಿಂದ,
ತಮ್ಮ ವಿಶ್ವಾಸಿ
ಇಂದ್ರವ್ವ

ತಾ.ಕ.: ಬರುವ ಪಂಚಾಯಿತಿ ಚುನಾವಣೆಯಲ್ಲಿ ನಮ್ಮ ವಾರ್ಡು ಹೆಂಗಸರಿಗೆ ಮೀಸಲಾದರೆ ತಾನು ನಿಲ್ಲುವುದಾಗಿ ತಂಗೆವ್ವಕ್ಕ ಹೇಳಿದರು. ಆ ಮೀಸಲು ಯಾವ ಊರಿನವರ ಉಸಾಬರಿಯೆಂದು ಅವರೇ ತಮಗೆ ತಿಳಿಸುವರು.