ಮಾವನವರ ಫೋಟೋಗೆ ಕಟ್ಟು ಹಾಕಿಸಿದ್ದು

ಮನುಷ್ಯನಿಗೆ ಹಿಡಿಯಬಹುದಾದ ಹುಚ್ಚುಗಳಲ್ಲಿ ಅತ್ಯಂತ ನಿರಪಾಯಕಾರಿಯಾದದ್ದು ಮೊಬೈಲಿನಲ್ಲಿ ಫೋಟೋ ತೆಗೆಯುವ ಹುಚ್ಚು ಎಂದು ನಾನು ಬಹಳ ಕಾಲ ನಂಬಿದ್ದೆ. ಕುಡಿಯುವವನನ್ನು ಹೆಂಡತಿ ಬಯ್ಯುತ್ತಾಳೆ, ಇಸ್ಪೀಟು ಆಡುವವನನ್ನು ಪೊಲೀಸರು ಹಿಡಿಯುತ್ತಾರೆ. ಬೀದಿಯಲ್ಲಿ ನಿಂತು ತನ್ನ ಪಾಡಿಗೆ ತಾನು ಫೋಟೋ ತೆಗೆಯುವವನಿಂದ ಯಾರಿಗೆ ಏನು ತೊಂದರೆ? ಈ ನಂಬಿಕೆಯಿಂದಲೇ ನಾನು ಬದುಕಿದ್ದ ಹಿರಿಯರೊಬ್ಬರನ್ನು ಹಾಡಹಗಲೇ, ಟಿಕೆಟ್ಟು ತೆಗೆದುಕೊಂಡು, ರಾಮನಗರದಿಂದ ಮಾಗಡಿಯವರೆಗೆ ಬಸ್ಸಿನಲ್ಲಿ ಕೂತು ಸಾಯಿಸಿದೆ. ಅವರು ಬೇರೆ ಯಾರೂ ಅಲ್ಲ, ನನ್ನ ಹೆಂಡತಿಯ ತಂದೆ.

ಆಗ ಹಾರೋಹಳ್ಳಿಯಲ್ಲಿ ಕಾರ್ಖಾನೆಗಳು ಒಂದರ ಪಕ್ಕ ಒಂದು ಏಳುತ್ತಿದ್ದವು. ನಾನು ಅಲ್ಲಿನ ಒಂದು ಕಾರ್ಖಾನೆಯ ಸ್ಟೋರ್ಸಿನಲ್ಲಿ ನಟ್ಟು, ಬೋಲ್ಟು, ಗ್ರೀಸಿನ ಡಬ್ಬಗಳನ್ನು ಕಾಯುತ್ತಿದ್ದೆ. ಮನೆ ರಾಮನಗರದಲ್ಲಿ. ಒಂದು ಆಯುಧಪೂಜೆಯ ಬೋನಸ್ಸು ಬಂದಾಗ, ಹೆಂಡತಿ ಸರೋಜ ಹೇಳಿದ್ದ ಮಿಕ್ಸಿಯನ್ನು ಮರೆತು, ಕ್ಯಾಮೆರಾ ಇರುವ ಮೊಬೈಲು ಕೊಂಡುಕೊಂಡು ಬಂದೆ. ಅದರ ಕ್ಯಾಮೆರಾ ಬಹಳ ನಿಧಾನಸ್ಥ. ಗುಂಡಿ ಒತ್ತಿದ ಮೇಲೆ ಸ್ವಲ್ಪ ಹೊತ್ತು ಯೋಚನೆ ಮಾಡಿ, ಆಮೇಲೆ ಟಿಕ್ ಅನ್ನುತ್ತಿತ್ತು. ಅಷ್ಟರಲ್ಲಿ ಎದುರಿಗಿದ್ದವರು ತಲೆ ಆಡಿಸಿದರೂ ಸಾಕು, ಫೋಟೋದಲ್ಲಿ ಹೊಗೆಯಾಗಿಬಿಡುತ್ತಿದ್ದರು. ಹಾಗಾಗಿ ಮನೆಯವರಿಗೆಲ್ಲ 'ಅಲ್ಲಾಡಬೇಡಿ, ಅಲ್ಲಾಡಿದರೆ ಕೆಟ್ಟುಹೋಗುತ್ತದೆ' ಎಂದು ಹೇಳಿ ಹೇಳಿ ನನ್ನ ಗಂಟಲು ಒಣಗುತ್ತಿತ್ತು. ಯುಗಾದಿಯ ಹೊತ್ತಿಗೆ ನನ್ನನ್ನು ಕಂಡರೆ ನೆಂಟರಿಷ್ಟರು ಕೈಕಾಲು ಸೆಟೆದುಕೊಂಡು ನಿಲ್ಲುವುದನ್ನು ಕಲಿತಿದ್ದರು.

ಮನೆಯವರು ಬೇಸತ್ತ ಮೇಲೆ ಬೀದಿಗೆ ಇಳಿದೆ. ಬೀದಿಯ ಫೋಟೋಗ್ರಫಿಗೆ ಒಂದು ಧರ್ಮವಿದೆ ಎಂದು ಎಲ್ಲೋ ಓದಿಕೊಂಡಿದ್ದೆ: ತೆಗೆಸಿಕೊಳ್ಳುವವರಿಗೆ ಗೊತ್ತೇ ಆಗಬಾರದು, ಆಗ ಮಾತ್ರ ನಿಜವಾದ ಮುಖ ಸಿಗುತ್ತದೆ. ಆದರೆ ನಮ್ಮ ಸೀಮೆಯಲ್ಲಿ ಯಾರಿಗೂ ಗೊತ್ತಾಗದ ಹಾಗೆ ಸೀನುವುದು ಕೂಡ ಕಷ್ಟ. ಚನ್ನಪಟ್ಟಣದ ಗೊಂಬೆ ಅಂಗಡಿಯವರು ದೂರದಿಂದಲೇ ನನ್ನನ್ನು ಗುರುತಿಸಿ, ತಲೆ ಬಾಚಿಕೊಂಡು, ಮರದ ಕುದುರೆಯನ್ನು ಎದೆಗವಚಿಕೊಂಡು ನಿಂತರು. ಕನಕಪುರದ ಬಸ್‌ಸ್ಟ್ಯಾಂಡಿನಲ್ಲಿ ಹೂವಿನವಳು, "ನನ್ ಪಟ ತಗುದ್ರೆ ಹೂವ ತಗೋಬೇಕು, ಸುಮ್ಕೆ ಬಿಡಾಕಿಲ್ಲ" ಎಂದಳು. ಆ ಸಂಜೆ ಮನೆಗೆ ಮಾರುಗಟ್ಟಲೆ ಕನಕಾಂಬರ ಒಯ್ದೆ. ಸರೋಜ ಅನುಮಾನದಿಂದ ನೋಡಿದಳು. ಹಾರೋಹಳ್ಳಿಯಲ್ಲಂತೂ ಒಂದು ದಿನ ಕಾರ್ಖಾನೆಯ ಕಾಂಪೌಂಡಿನ ಪಕ್ಕ ಕುರಿ ಮೇಯುವುದನ್ನು ತೆಗೆಯುತ್ತಿದ್ದೆ. ಕುರಿ ಕಾಯುತ್ತಿದ್ದ ಮುದುಕ ಹತ್ತಿರ ಬಂದು ಟವೆಲನ್ನು ಹೆಗಲಿನಿಂದ ಇಳಿಸಿ, "ಸ್ವಾಮಿ, ಅಳತೆಯೋರಾ? ಇನ್ನೂ ಎಷ್ಟು ಜಮೀನು ಹೋಯ್ತದೆ?" ಎಂದು ಕೇಳಿದ. ನಾನು ಅಳತೆಯವನಲ್ಲ, ಫೋಟೋ ತೆಗೆಯುವವನು ಎಂದೆ. "ಅವ್ರೂ ಮೊದ್ಲು ಫೋಟೋನೇ ತಗುದ್ರು" ಎಂದು ಕುರಿಗಳನ್ನು ಆಚೆ ಹೊಡೆದುಕೊಂಡು ಹೋದ. ನಗುವ ವಿಷಯವಲ್ಲ ಅದು. ಆ ಫೋಟೋವನ್ನು ನಾನು ಯಾರಿಗೂ ತೋರಿಸಲಿಲ್ಲ.

ಇನ್ನು ಮಾವನವರ ವಿಷಯ. ಮಾವ ಮರಿಯಪ್ಪನವರದು ಮಾಗಡಿಯಿಂದ ಆಚೆ ಕಲ್ಯ. ಅವರಿಗೊಬ್ಬ ತಮ್ಮ, ಗಂಗಣ್ಣ. ನನಗೆ ಚಿಕ್ಕಮಾವ. ಇಬ್ಬರ ಹೊಲಕ್ಕೂ ನಡುವೆ ಬದುವಿನ ಮೇಲೆ ಒಂದು ತೆಂಗಿನ ಮರ. ಅದರ ಕಾಯಿ ಯಾರದು ಎಂಬ ಮಾತು ಬೆಳೆದು ಬೆಳೆದು, ಒಂದು ದಿನ ಗಂಗಣ್ಣ ಊರ ಮುಂದೆ ನಿಂತು, "ಇವ್ನು ಸತ್ರೂ ಇವ್ನ ಬಾಗ್ಲು ತುಳಿಯಾಕಿಲ್ಲ" ಅಂದುಬಿಟ್ಟರು. ನಮ್ಮ ಕಡೆ ಜಗಳದಲ್ಲಿ ಏನು ಬೇಕಾದರೂ ಆಡಬಹುದು, ಈ ಒಂದು ಮಾತು ಆಡಬಾರದು. ಆಡಿದ ಮೇಲೆ ಹಿಂದಕ್ಕೆ ತೆಗೆದುಕೊಳ್ಳಲು ದಾರಿಯೇ ಇಲ್ಲ. ಮರದಿಂದ ಬಿದ್ದ ಕಾಯಿಯನ್ನು ಇಬ್ಬರೂ ಮುಟ್ಟಲಿಲ್ಲ. ಅವು ಬದುವಿನ ಮೇಲೇ ಮೊಳೆತವು. ಆವತ್ತಿನಿಂದ ಅಪ್ಪ ನಕ್ಕಿದ್ದನ್ನೇ ನಾನು ಕಂಡಿಲ್ಲ ಎಂದು ಸರೋಜ ಹೇಳುತ್ತಿದ್ದಳು. ತವರಿನಿಂದ ಬಂದಾಗಲೆಲ್ಲ ಒಂದು ಸುತ್ತು ಇದನ್ನೇ ಹೇಳಿಕೊಂಡು ಅಳುತ್ತಿದ್ದಳು. ನನಗೂ ಸಂಕಟವಾಗುತ್ತಿತ್ತು. ಆದರೆ ಸ್ಟೋರ್ಸಿನ ಗುಮಾಸ್ತ ಅಣ್ಣತಮ್ಮಂದಿರ ನಡುವೆ ಹೋಗಿ ಏನು ಮಾಡಿಯಾನು?

ಹೀಗಿರುವಾಗ ಒಂದು ಸಂತೆಯ ದಿನ ಫೋಟೋಗೆಂದೇ ಮಾಗಡಿಗೆ ಹೋಗಿದ್ದೆ. ತೆಂಗಿನಕಾಯಿ ಗುಡ್ಡೆಯ ಹಿಂದೆ ಬಗ್ಗಿ ಒಳ್ಳೆಯ ಕೋನಕ್ಕಾಗಿ ಹುಡುಕುತ್ತಿದ್ದೆ. ಎದುರಿನ ಟೀ ಅಂಗಡಿಯ ಬೆಂಚಿನ ಮೇಲೆ ಮಾವ ಒಬ್ಬರೇ ಕೂತಿದ್ದರು. ನಗುತ್ತಿದ್ದರು! ಬಾಯಿ ತುಂಬ, ಕಣ್ಣು ಮುಚ್ಚಿಹೋಗುವಷ್ಟು ನಗು. ಕಪ್ಪುಬಿಳುಪಿಗೆ ಹಾಕಿ ಗುಂಡಿ ಒತ್ತಿದೆ. ಮೊಬೈಲು ಎಂದಿನಂತೆ ಯೋಚನೆ ಮಾಡಿತು, ಟಿಕ್ ಅಂದಿತು. ನೋಡಿದರೆ, ಆಶ್ಚರ್ಯ, ಒಂದಿಷ್ಟೂ ಹೊಗೆಯಿಲ್ಲ. ಹಣೆಯ ಗೆರೆಗಳು ಕೂಡ ಸ್ಪಷ್ಟವಾಗಿ ಮೂಡಿದ್ದವು. ಕೊನೆಗೂ ನನ್ನ ಕೈ ಪಳಗಿತು ಎಂದುಕೊಂಡೆ. ಮಾತಾಡಿಸಿದರೆ ಗುಟ್ಟು ರಟ್ಟಾದೀತೆಂದು ಹಿಂದಿನ ಸಂದಿಯಿಂದ ನುಸುಳಿಕೊಂಡು ಬಂದೆ. ಮನೆಗೆ ಬಂದಾಗ ಅಂಗಿಯ ಹಿಂಭಾಗ ಒದ್ದೆಯಾಗಿ ಮುದುರಿಹೋಗಿತ್ತು. ಬಸ್ಸಿನ ಸೀಟಿಗೆ ಶಾಪ ಹಾಕಿ ಒಗೆಯಲು ಕೊಟ್ಟೆ.

ಈ ನಗುವನ್ನು ದೊಡ್ಡದು ಮಾಡಿಸಿ ಸರೋಜಳಿಗೆ ತೋರಿಸಬೇಕು, ಕಲ್ಯದ ಮನೆಯ ನಡುಗೋಡೆಗೆ ಹಾಕಬೇಕು ಎಂದು ಆಸೆಯಾಯಿತು. ಬೇಸಿಗೆ ರಜೆಗೆ ಅವಳು ಮಕ್ಕಳೊಂದಿಗೆ ತವರಿಗೆ ಹೋಗಿದ್ದಳು. ನಾನು ರಾಮನಗರದ ಸ್ಟುಡಿಯೋಗೆ ಹೋದೆ. ಸ್ಟುಡಿಯೋದವನು ಕಂಪ್ಯೂಟರಿನಲ್ಲಿ ಫೋಟೋ ತೆರೆದು, ತಕ್ಷಣ ದನಿ ತಗ್ಗಿಸಿದ. "ಹಿಂದ್ಗಡೆ ಮೋಡ ಹಾಕ್ಲಾ ಸಾರ್? ಹಾರ, ದೀಪ ಎಲ್ಲಾ ಕಂಪ್ಯೂಟರ್‌ನಲ್ಲೇ ಬರ್ತದೆ" ಎಂದ. ನನಗೆ ಸಿಟ್ಟು ಬಂತು. ಹಾರ ಗೀರ ಏನೂ ಬೇಡ, ಇದ್ದ ಹಾಗೇ ಇರಲಿ ಎಂದೆ. "ಸರಿ ಬಿಡಿ ಸಾರ್, ಹೂವಿನ ಹಾರನೇ ಹಾಕ್ತೀರ ಅನ್ನಿ" ಎಂದು ತಲೆಯಾಡಿಸಿ, ಗಂಧದ ಬಣ್ಣದ ಕಟ್ಟು ಹಾಕಿ, ಎರಡೂ ಕೈಯಲ್ಲಿ ಹಿಡಿದು ಕೊಟ್ಟ. ಕಲೆಯ ಮುಂದೆ ಎಂಥವನೂ ವಿನಯವಂತನಾಗುತ್ತಾನೆ ಎಂದು ನಾನು ಅಂದುಕೊಂಡೆ.

ಬಸ್ಸಿನಲ್ಲಿ ನೂಕುನುಗ್ಗಲು. ಗಾಜು ಒಡೆದೀತೆಂದು ಪಟವನ್ನು ಎದೆಗಿಟ್ಟುಕೊಂಡು ನಿಂತೆ, ಮಾವನ ಮುಖ ಆಚೆಗೆ. ಒಬ್ಬ ಯುವಕ ಎದ್ದು ಸೀಟು ಬಿಟ್ಟುಕೊಟ್ಟ. ಎಲ್ಲರ ಮೇಲೂ ರೇಗುತ್ತಿದ್ದ ಕಂಡಕ್ಟರು ನನ್ನ ಹತ್ತಿರ ಬಂದಾಗ ಮೆತ್ತಗೆ ಟಿಕೆಟ್ಟು ಹರಿದ. ಎದುರಿನ ಸೀಟಿನ ಅಜ್ಜಿ ಪಟಕ್ಕೆ ಕೈಮುಗಿದರು. ಪಕ್ಕದಲ್ಲಿದ್ದ ದಪ್ಪ ಮೀಸೆಯವರು ಬಹಳ ಹೊತ್ತು ಪಟವನ್ನೇ ನೋಡಿ, "ಕಲ್ಯದ ಮರಿಯಪ್ಪನೋರು ಅಲ್ವಾ? ನಮ್ಗೂ ಬೇಕಾದೋರೇ ಕಣಣ್ಣ. ಒಳ್ಳೆ ಮನುಸ್ರು" ಎಂದರು. ನಮ್ಮ ಮಾವ, ನಗು ನೋಡಿ ಎಷ್ಟು ಚೆನ್ನಾಗಿ ಬಂದಿದೆ ಎಂದು ನಾನು ಹೆಮ್ಮೆಯಿಂದ ಹೇಳಿದೆ. ಅವರು ಟವೆಲಿನಿಂದ ಕಣ್ಣೊರೆಸಿಕೊಂಡರು. ನನ್ನ ಒಂದು ಫೋಟೋ ನೋಡಿ ಗಂಡಸೊಬ್ಬ ಅತ್ತಿದ್ದು ಅದೇ ಮೊದಲು. ನಾನೂ ಸ್ವಲ್ಪ ಕಣ್ಣೊರೆಸಿಕೊಂಡೆ.

ಮಾಗಡಿಯಲ್ಲಿ ಇಳಿದ ಕೂಡಲೇ ಅವರು ಮೊಬೈಲು ಕಿವಿಗೆ ಹಚ್ಚಿ ಅವಸರವಾಗಿ ಹೋದರು. ನಾನು ಮೊಳೆ ಕೊಳ್ಳಲು ಪೇಟೆಗೆ ಹೋಗಿ, ಬಸ್‌ಸ್ಟ್ಯಾಂಡಿನಲ್ಲಿ ಮಲಗಿದ್ದ ನಾಯಿಗಳ ಬಗೆಬಗೆಯ ಫೋಟೋ ತೆಗೆಯುತ್ತ ಒಂದು ಬಸ್ಸನ್ನು ಬಿಟ್ಟೆ. ಮಲಗಿದ ನಾಯಿ ಅಲ್ಲಾಡುವುದಿಲ್ಲ, ಅದೊಂದು ಅನುಕೂಲ.

ಕಲ್ಯದಲ್ಲಿ ಇಳಿದರೆ ಮಾವನ ಮನೆಯ ಮುಂದೆ ಜನ. ಶಾಮಿಯಾನದವನು ಟೆಂಪೋದಿಂದ ಇಳಿಸಿದ್ದ ಪ್ಲಾಸ್ಟಿಕ್ ಕುರ್ಚಿಗಳನ್ನು ಮತ್ತೆ ಏರಿಸುತ್ತಿದ್ದ. ಒಬ್ಬರು ದೊಡ್ಡ ಹೂವಿನ ಹಾರವನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ನಿಂತಿದ್ದರು. ಇವರೆಲ್ಲರ ನಡುವೆ ಜಗಲಿಯ ಮೇಲೆ ಮಾವ, ಹೆಗಲ ಮೇಲೆ ಟವೆಲು, ಅದೇ ಗಂಟು ಮುಖ. ಸರೋಜ ಬಾಗಿಲಲ್ಲಿ ನಿಂತು ನನ್ನನ್ನು ನೋಡಿದ ನೋಟ ಈಗಲೂ ನೆನಪಾದರೆ ಊಟ ಸೇರುವುದಿಲ್ಲ.

"ಬನ್ನಿ ಅಳಿಯಂದ್ರೆ" ಎಂದರು ಮಾವ. "ಎಲ್ಲಾರೂ ಬಂದವ್ರೆ, ನಾನೊಬ್ನು ಬರೋದಿತ್ತು. ಎಲ್ಲಿ, ಎಂಗ್ ಬಂದಿವ್ನಿ ತೋರ್ಸಿ ನೋಡವ."

ಆಗ ನನಗೆ ಸ್ಟುಡಿಯೋದವನ ದನಿ, ಕಂಡಕ್ಟರನ ಮೆದುತನ, ಅಜ್ಜಿಯ ಕೈಮುಗಿದ ಭಂಗಿ ಎಲ್ಲವೂ ಒಟ್ಟಿಗೇ ಅರ್ಥವಾದವು. ನಮ್ಮಲ್ಲಿ ವಯಸ್ಸಾದವರೊಬ್ಬರ ಪಟಕ್ಕೆ, ಅದೂ ಕಪ್ಪುಬಿಳುಪಿನದಕ್ಕೆ, ಒಬ್ಬರದೇ ಇದ್ದರೆ, ಯಾವಾಗ ಕಟ್ಟು ಹಾಕಿಸುತ್ತಾರೆ ಎಂಬುದು ಎಳೆ ಮಕ್ಕಳಿಗೂ ಗೊತ್ತು. ಕಲಾವಿದನಿಗೆ ಮಾತ್ರ ಗೊತ್ತಿರಲಿಲ್ಲ. ಪಟವನ್ನು ಎತ್ತಿ ತೋರಿಸಿದೆ. ಜನ ಮಾವನ ಮುಖವನ್ನೊಮ್ಮೆ, ಪಟದ ನಗುವನ್ನೊಮ್ಮೆ ನೋಡಿದರು. ಅತ್ತೆ ಹತ್ತಿರ ಬಂದು ನೋಡಿದವರೇ ಸೆರಗು ಬಾಯಿಗೆ ಹಿಡಿದು ಒಳಗೆ ಹೋದರು. ದುಃಖ ಒತ್ತರಿಸಿ ಬಂದಿರಬೇಕು ಎಂದುಕೊಂಡೆ.

ಅಷ್ಟರಲ್ಲಿ ಬೀದಿಯ ಕೊನೆಯಿಂದ ಒಂದು ಕೂಗು ಕೇಳಿಸಿತು. ಗಂಗಣ್ಣ ಚಿಕ್ಕಮಾವ. ಹೊಲದಲ್ಲಿ ನೀರು ಕಟ್ಟುತ್ತಿದ್ದವರಿಗೆ ಸುದ್ದಿ ತಡವಾಗಿ ಮುಟ್ಟಿತ್ತು. ಮೊಣಕಾಲಿನವರೆಗೆ ಕೆಸರು, ಕಾಲಲ್ಲಿ ಚಪ್ಪಲಿಯಿಲ್ಲ. "ಅಣ್ಣಾ, ನನ್ ಬುಟ್ಟು ಹೊಂಟೋದ್ಯಾ ಅಣ್ಣಾ" ಎಂದು ಎದೆ ಬಡಿದುಕೊಳ್ಳುತ್ತ ಓಡಿ ಬಂದರು. ಜನ ದಾರಿ ಬಿಟ್ಟರು. ಕಣ್ಣೀರಿನಲ್ಲಿ ಅವರಿಗೆ ಕಂಡದ್ದು ನಾನು ಹಿಡಿದಿದ್ದ ಪಟ ಮಾತ್ರ. ಅದರ ಮುಂದೆ ಬಿದ್ದು, ನನ್ನ ಎರಡೂ ಕಾಲುಗಳನ್ನು ತಬ್ಬಿಕೊಂಡು, "ಆ ಹಾಳ್ ಮರ ನೀನೇ ಮಡಿಕಳಪ್ಪ, ನಂಗ್ ಬ್ಯಾಡ ಕಣಣ್ಣ" ಎಂದು ಅಳತೊಡಗಿದರು. ಪಟ ಹಿಡಿದುಕೊಂಡು ಆಚೆ ಸರಿಯೋಣವೆಂದರೆ ಅವರು ಕಾಲು ಬಿಡಲಿಲ್ಲ.

ಜಗಲಿಯಿಂದ ಮಾವ ಹೇಳಿದರು: "ಏನ್ಲಾ ಗಂಗ, ಸತ್ರೂ ಬರಾಕಿಲ್ಲ ಅಂದಿದ್ದೆ?"

ಚಿಕ್ಕಮಾವ ತಲೆಯೆತ್ತಿದರು. ಪಟ ನೋಡಿದರು, ಜಗಲಿ ನೋಡಿದರು. ಎದ್ದು, ಮೂಗು ಒರೆಸಿಕೊಂಡು, ಕೆಸರಿನ ಪಂಚೆ ಸರಿಮಾಡಿಕೊಂಡು ಬಹಳ ಗಂಭೀರವಾಗಿ, "ನೀನು ಸತ್ತಿಲ್ವಲ್ಲಣ್ಣ, ಅದ್ಕೇ ಬಂದೆ" ಎಂದರು.

ಮಾವ ಎದ್ದು ಬಂದು ತಮ್ಮನ ರಟ್ಟೆ ಹಿಡಿದುಕೊಂಡರು. ನನ್ನ ಕಣ್ಣು ತುಂಬಿ ಬಂತು. ಆದರೂ, ನಾಚಿಕೆ ಬಿಟ್ಟು ಹೇಳುತ್ತೇನೆ, ನನ್ನ ಕೈ ಜೇಬಿಗೆ ಹೋಯಿತು. ಮೊಬೈಲು ತೆಗೆದು ಗುರಿಯಿಟ್ಟೆ. 'ಮೆಮೊರಿ ಫುಲ್' ಎಂದಿತು. ಮಾಗಡಿಯ ನಾಯಿಗಳನ್ನು ಒಂದೊಂದಾಗಿ ಅಳಿಸಿ ತಲೆಯೆತ್ತುವಷ್ಟರಲ್ಲಿ ಅಣ್ಣತಮ್ಮಂದಿರು ಕಾಲು ತೊಳೆದುಕೊಂಡು ಒಳಗೆ ಕಾಫಿ ಕುಡಿಯುತ್ತಿದ್ದರು. ನಾನು ತೆಗೆಯದ ಫೋಟೋಗಳಲ್ಲೆಲ್ಲ ಅದೇ ಅತ್ಯುತ್ತಮವಾದದ್ದು.

ಪಟವನ್ನು ಗೋಡೆಗೆ ಹಾಕಲು ಅತ್ತೆ ಬಿಡಲಿಲ್ಲ. ಹಳೆಯ ಸೀರೆಯಲ್ಲಿ ಸುತ್ತಿ ಟ್ರಂಕಿನ ತಳಕ್ಕೆ ಇಟ್ಟರು. ನಾನು ಕೊಂಡಿದ್ದ ಮೊಳೆಯನ್ನು ಮಾವ ಕೇಳಿ ತೆಗೆದುಕೊಂಡು, "ಇದೂ ಅದ್ರ ಜೊತೇಲೇ ಇರ್ಲಿ, ಆವತ್ಗೆ ಹುಡುಕಾಡೋದು ಬ್ಯಾಡ" ಎಂದರು. ಬದುವಿನ ತೆಂಗಿನಕಾಯಿ ಆ ವರ್ಷದಿಂದ ಎರಡೂ ಮನೆಯ ಸಾರಿಗೆ ಬಿತ್ತು.

ಮಾವ ಆಮೇಲೆ ಹಲವು ವರ್ಷ ಚೆನ್ನಾಗಿ ಬದುಕಿದ್ದರು. ಅವರು ನಿಜವಾಗಿ ಹೋದಾಗ ಪಟಕ್ಕೆ ಯಾರೂ ಓಡಾಡಬೇಕಾಗಲಿಲ್ಲ. ಟ್ರಂಕು ತೆಗೆದರು, ಅದೇ ಮೊಳೆ ಹೊಡೆದರು. ಚಿಕ್ಕಮಾವನೇ ಹಾರ ಹಾಕಿದರು. ತಿಥಿಯ ಊಟ ಮುಗಿದ ಮೇಲೆ ಅವರು ಪಟದ ಮುಂದೆ ಕೂತು, "ಏನ್ ಕಂಡು ಇಂಗ್ ನಗ್ತಾವ್ನೋ ನಮ್ಮಣ್ಣ" ಎಂದು ತಮ್ಮಷ್ಟಕ್ಕೇ ಹೇಳಿಕೊಂಡರು. ಅವರನ್ನು ಸಮಾಧಾನ ಮಾಡಲೆಂದು, ಮಾವನಿಗೆ ಗೊತ್ತೇ ಆಗದ ಹಾಗೆ ತೆಗೆದದ್ದರಿಂದ ನಗು ಅಷ್ಟು ಸಹಜವಾಗಿ ಬಂದಿದೆ ಎಂದು ಬೀದಿಯ ಫೋಟೋಗ್ರಫಿಯ ಧರ್ಮವನ್ನು ವಿವರಿಸತೊಡಗಿದೆ.

"ಗೊತ್ತಿಲ್ದೆ ಏನ್ ಬಂತು ಅಳಿಯಂದ್ರೆ" ಎಂದರು ಅತ್ತೆ, ಒಳಗಿನ ಬಾಗಿಲಿನಿಂದ. ಆ ದಿನಗಳಲ್ಲಿ ಅವರು ಮಾತಾಡಿದ್ದೇ ಕಡಿಮೆ. "ನಿಮ್ಮುನ್ನ ಕಂಡೇ ನಕ್ಕಿದ್ದು. ನೀವು ಕಾಯಿ ಗುಡ್ಡೆ ಹಿಂದೆ ಬಗ್ಗಿದ್ರಂತೆ. ಗುಡಿ ಬಸವ ಬಂದು ಹಿಂದ್ಗಡೆಯಿಂದ ನಿಮ್ಮ ಅಂಗಿ ಅಗೀತಾ ಇತ್ತಂತೆ. ನಿಮ್ಗೆ ಗ್ಯಾನವೇ ಇರ್ನಿಲ್ವಂತೆ. ಸಂತೆಯಿಂದ ಬಂದೋರು ಯೋಳಿ ಯೋಳಿ ನಕ್ಕುದ್ರು."

ಹಾಗಾದರೆ ಎದ್ದು ಬಂದು ಓಡಿಸಬಾರದಿತ್ತೇ ಎಂದೆ.

"ಎದ್ರೆ ಪಟ ಕೆಟ್ಟೋಯ್ತದಲ್ಲ, ನೀವೇ ಯಾವಾಗ್ಲೂ ಯೋಳ್ತಿದ್ರಲ್ಲ ಅಲ್ಲಾಡ್ಬ್ಯಾಡಿ ಅಂತ. ಅದ್ಕೇ ನೀವು ಒತ್ತೋಗಂಟ ಉಸ್ರು ಬಿಗಿ ಇಡ್ಕೊಂಡು ಕುಂತಿದ್ರಂತೆ. 'ಪಾಪ, ನಾನು ಕಂಡಿಲ್ಲ ಅನ್ಕೊಂಡವ್ರೆ, ನೀನೂ ಯೋಳ್ಬ್ಯಾಡ' ಅಂದಿದ್ರು. ಇಷ್ಟ್ ದಿನ ಯೋಳ್ನಿಲ್ಲ."

ಈಗ ನನ್ನ ಬಳಿ ಬೇರೆ ಮೊಬೈಲಿದೆ, ಓಡುವ ಬಸ್ಸನ್ನೂ ನಿಲ್ಲಿಸಿದ ಹಾಗೆ ತೆಗೆಯುತ್ತದೆ. ಅದರಲ್ಲಿ ಎಷ್ಟು ಮುಖಗಳನ್ನು ತೆಗೆದರೂ, ನನಗಾಗಿ ಉಸಿರು ಹಿಡಿದು ಕೂತ ಮುಖ ಇನ್ನೊಂದು ಸಿಕ್ಕಿಲ್ಲ. ಕಲ್ಯಕ್ಕೆ ಹೋದಾಗಲೆಲ್ಲ ಮೊದಲು ಪಟದ ಮುಂದೆ ನಿಂತು ಕೈಮುಗಿಯುತ್ತೇನೆ. ಮಾವ ಕಣ್ಣು ಮುಚ್ಚಿಹೋಗುವಷ್ಟು ನಗುತ್ತಲೇ ಇರುತ್ತಾರೆ. ಆಮೇಲೆ ಒಂದು ಕೈಯನ್ನು ಹಿಂದಕ್ಕೆ ಒಯ್ದು, ಅಂಗಿ ಇದೆಯೇ ಎಂದು ಮುಟ್ಟಿ ನೋಡಿಕೊಳ್ಳುತ್ತೇನೆ.